ಒಂದೆಡೆ ನಿಲ್ಲದವರ ಹೆಸರುಗಳು

ಮೂರು ವರ್ಷಗಳಲ್ಲಿ ಮೂರು ಕಂಪೆನಿ ಬದಲಿಸಿದ ಎಂಜಿನಿಯರನಿಗೆ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಹೆಸರೊಂದು ಸಿದ್ಧವಾಗಿರುತ್ತದೆ: ‘ಜಾಬ್ ಹಾಪರ್’. ಹಾಪ್ ಎಂದರೆ ಕುಪ್ಪಳಿಸುವುದು; ಕಪ್ಪೆ, ಮಿಡತೆಗಳ ನಡಿಗೆ. ಹಳ್ಳಿಯಲ್ಲಾದರೆ ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿ ಎಂದಾರು. ಆತ ಬಿಟ್ಟದ್ದು ಹೆಚ್ಚಿನ ಸಂಬಳಕ್ಕೋ, ಒಂದೇ ಬಗೆಯ ಕೆಲಸ ಬೇಸರ ತಂದದ್ದಕ್ಕೋ ಎಂದು ಆ ಹೆಸರು ವಿಚಾರಿಸುವುದಿಲ್ಲ. ಹೊಸತಿಗೆ ಹಂಬಲಿಸುವವರನ್ನು ಕುರಿತ ಇಂಗ್ಲಿಷ್ ಪದಗಳನ್ನು ಕೆದಕಿದರೆ, ಹಲವದರಲ್ಲಿ ಆಳು ಕಳೆದುಕೊಂಡ ಧಣಿಯ ದನಿಯೇ ಕೇಳಿಸುತ್ತದೆ.

‘ಫಿಕಲ್’ ಎಂಬ ಪದಕ್ಕೆ ಇಂದು ಚಂಚಲ ಎಂಬ ಅರ್ಥ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲರೂಪಕ್ಕಿದ್ದ ಅರ್ಥ ಮೋಸಗಾರ ಎಂದು. ‘ರೋಲಿಂಗ್ ಸ್ಟೋನ್’ ಇನ್ನೂ ಸ್ವಾರಸ್ಯಕರ. ಉರುಳುವ ಕಲ್ಲಿಗೆ ಪಾಚಿ ಕಟ್ಟದು ಎಂಬ ಗಾದೆ 1546ರಲ್ಲಿ ಜಾನ್ ಹೇವುಡ್ ಪ್ರಕಟಿಸಿದ ಇಂಗ್ಲಿಷ್ ಗಾದೆಗಳ ಸಂಗ್ರಹದಲ್ಲಿತ್ತು. ಪಾಚಿ ಎಂದರೆ ಇಂದು ಜಡತೆ ನೆನಪಾಗಬಹುದು. ಅಂದಿನವರಿಗೆ ಅದು ಕೂಡಿಟ್ಟ ಆಸ್ತಿ. ಹದಿನೇಳು ವರ್ಷಗಳ ಬಳಿಕ, 1563ರಲ್ಲಿ, ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಕುಶಲಕರ್ಮಿಗಳ ಶಾಸನ ಈ ಗಾದೆಯ ಕೈಗೆ ಚಾವಟಿಯನ್ನೇ ಕೊಟ್ಟಿತು. ಆಳು ಯಜಮಾನನನ್ನು ಬಿಟ್ಟು ಬೇರೆಡೆ ಹೋಗಬೇಕಾದರೆ ಮೊಹರು ಒತ್ತಿದ ಪತ್ರ ಬೇಕು. ಪತ್ರವಿಲ್ಲದವನಿಗೆ ಸೆರೆ, ಗಡುವಿನೊಳಗೆ ತರದಿದ್ದರೆ ಚಾವಟಿಯೇಟು. ಅಂಥವನನ್ನು ಕೆಲಸಕ್ಕಿಟ್ಟುಕೊಂಡ ಹೊಸ ಯಜಮಾನನಿಗೆ ಐದು ಪೌಂಡು ದಂಡ. ‘ರಿಲೀವಿಂಗ್ ಲೆಟರ್’ಗಾಗಿ ಕಾದು ಕುಳಿತ ಇಂದಿನ ಎಂಜಿನಿಯರನಿಗೆ ಆ ಪತ್ರ ಅಪರಿಚಿತವೆನಿಸದು. ಚಾವಟಿಯೊಂದು ಇಲ್ಲ, ಅಷ್ಟೇ.

ಇದೇ ಧೋರಣೆ ಭಾರತಕ್ಕೂ ಬಂತು. ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟರೆ ಮೂರು ತಿಂಗಳವರೆಗೆ ಕಠಿಣ ಸಜೆ ವಿಧಿಸಲು 1859ರ ಕಾಯ್ದೆಯೊಂದು ಅವಕಾಶ ನೀಡಿತು. ಕೊಡಗಿನ ಕಾಫಿ ತೋಟಗಳಲ್ಲೂ ಅದು ಬಳಕೆಯಾಯಿತು. ಅದನ್ನು ರದ್ದುಪಡಿಸುವ ಶಾಸನ ಬಂದದ್ದು 1925ರಲ್ಲಿ. ಹೇಳದೆ ಕೇಳದೆ ಕೆಲಸ ಬಿಟ್ಟವನನ್ನು ಐ.ಟಿ. ಕಂಪೆನಿಗಳು ಇಂದಿಗೂ ‘ಆಬ್‌ಸ್ಕಾಂಡಿಂಗ್’ ಎಂದೇ ದಾಖಲಿಸುತ್ತವೆ. ತಲೆಮರೆಸಿಕೊಂಡ ಆರೋಪಿಗೆ ಪೊಲೀಸರು ಬಳಸುವ ಮಾತೂ ಇದೇ.

ಕನ್ನಡವೇನೂ ಹೆಚ್ಚು ಉದಾರಿಯಲ್ಲ. ಚಂಚಲ, ಚಪಲ, ತಿರುಬೋಕಿ ಎಲ್ಲವೂ ನಿಂದೆಯ ಮಾತುಗಳೇ. ಆದರೆ ಹನ್ನೆರಡನೆಯ ಶತಮಾನದ ಶರಣರು ಸ್ಥಾವರಕ್ಕಿಂತ ಜಂಗಮಕ್ಕೆ ಹಿರಿಮೆ ಕೊಟ್ಟರು. ಜಂಗಮನದು ಬಗೆಬಗೆಯ ರುಚಿಯ ಹಂಬಲವಲ್ಲ, ನಿಜ. ಆದರೂ ಚಲನೆಗೆ ಗೌರವದ ಹೆಸರೊಂದು ಭಾಷೆಯಲ್ಲಿ ಉಳಿಯಿತು. ಇಂಗ್ಲಿಷ್ ಅಂಥದೊಂದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನ್ನಿನಿಂದ ಎರವಲು ತಂದುಕೊಂಡಿತು: ‘ವಾಂಡರ್‌ಲಸ್ಟ್’, ಅಲೆದಾಟದ ಆಸೆ. ಅದನ್ನು ಪ್ರವಾಸಿಗನಿಗೆ ಹೇಳುತ್ತಾರೆಯೇ ಹೊರತು ಕೆಲಸ ಬಿಟ್ಟವನಿಗಲ್ಲ.

ಬೆಂಗಳೂರಿಗೆ ಸ್ಥಿರತೆಯ ರುಚಿ ಹತ್ತಿಸಿದ್ದು ಎಚ್‌.ಎ.ಎಲ್‌. (1940), ಐ.ಟಿ.ಐ. (1948), ಎಚ್‌.ಎಂ.ಟಿ. (1953), ಬಿ.ಇ.ಎಲ್‌. (1954) ಮೊದಲಾದ ದೊಡ್ಡ ಕಾರ್ಖಾನೆಗಳು. ‘ಪರ್ಮನೆಂಟ್’ ಎಂಬ ಮಾತು ಗಂಡು ನೋಡುವಾಗಿನ ಅರ್ಹತೆಯಾಯಿತು. ಸೇರಿದ ಕಾರ್ಖಾನೆಯಲ್ಲೇ ನಿವೃತ್ತರಾಗುವುದು ಆ ತಲೆಮಾರಿನ ಹೆಮ್ಮೆ. 1976ರಲ್ಲಿ ಆರಂಭವಾದ ಕಿಯೋನಿಕ್ಸ್‌ನ ಮೂಲಕ ಆರ್‌.ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೊಗೂರುಗಳ ಹೊಲಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಲ್ಪಿಸಿದರು. 1991ರ ಉದಾರೀಕರಣದ ನಂತರ ಅಲ್ಲಿ ಸಾಫ್ಟ್‌ವೇರ್ ಕಂಪೆನಿಗಳು ನೆಲೆಯೂರಿದಾಗ ಕಾರ್ಖಾನೆ ನೌಕರರ ಮಕ್ಕಳೂ ಸೇರಿಕೊಂಡರು. ಮಗ ಎರಡೇ ವರ್ಷಕ್ಕೆ ರಾಜೀನಾಮೆ ಬರೆದರೆ ತಂದೆಗೆ ಕಾಣಿಸಿದ್ದು ಚಪಲ, ಮಗನ ಕಣ್ಣಿಗೆ ಅವಕಾಶ. ಕಂಪೆನಿಗಳು ಇದನ್ನು ‘ಅಟ್ರಿಷನ್’ ಎಂದವು: ಉಜ್ಜಿ ಸವೆಯುವುದು, ಮೊದಲ ಮಹಾಯುದ್ಧದ ಕಾಲದಲ್ಲಿ ಮನೆಮಾತಾದ ಪದ. ಒಬ್ಬರ ನೌಕರನನ್ನು ಇನ್ನೊಬ್ಬರು ಸೆಳೆದರೆ ಅದು ‘ಪೋಚಿಂಗ್’, ಅಂದರೆ ಜಮೀನ್ದಾರನ ಕಾಡಿನಲ್ಲಿ ನಡೆಯುವ ಕಳ್ಳಬೇಟೆ. ಎಂಜಿನಿಯರ್ ಇಲ್ಲಿ ಜಿಂಕೆಯೋ ಮೊಲವೋ ಎಂಬುದನ್ನು ಯಾರೂ ಸ್ಪಷ್ಟಪಡಿಸಿಲ್ಲ.

ನಗರದ ಇನ್ನೊಂದು ತುದಿಯಲ್ಲಿರುವ ಪೀಣ್ಯದ ಕತೆ ಬೇರೆ. ಸಣ್ಣ ಕಾರ್ಖಾನೆಗಳ ಆ ಪ್ರದೇಶದಲ್ಲಿ ಲೇತ್ ಮುಂದೆ ನಿಂತ ಗುತ್ತಿಗೆ ಕಾರ್ಮಿಕ ವರ್ಷಕ್ಕೆರಡು ಶೆಡ್ಡು ಬದಲಿಸಿದರೆ ಅದು ವೈವಿಧ್ಯದ ಹಂಬಲವಾಗಿರುವುದು ಅಪರೂಪ. ಆರ್ಡರ್ ನಿಂತಿರುತ್ತದೆ, ಇಲ್ಲವೇ ಗುತ್ತಿಗೆದಾರನ ಅವಧಿ ಮುಗಿದಿರುತ್ತದೆ. ಇಂಗ್ಲಿಷಿನಲ್ಲಿ ‘ಫುಟ್‌ಲೂಸ್’ ಎಂದರೆ ಕಾಲಿಗೆ ಕಟ್ಟಿಲ್ಲದವನು, ಮನಬಂದಲ್ಲಿ ಹೋಗುವವನು. ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೇಮನ್ ದಕ್ಷಿಣ ಗುಜರಾತಿನ ಕಾರ್ಮಿಕರನ್ನು ಕುರಿತ ತಮ್ಮ 1996ರ ಗ್ರಂಥಕ್ಕೆ ‘ಫುಟ್‌ಲೂಸ್ ಲೇಬರ್’ ಎಂದು ಹೆಸರಿಟ್ಟಾಗ ಆ ಪದದೊಳಗಿನ ಉಲ್ಲಾಸ ಉಳಿಯಲಿಲ್ಲ. ಅವರು ಬರೆದದ್ದು ಎಲ್ಲೂ ನೆಲೆ ಸಿಗದೆ ಕೆಲಸದಿಂದ ಕೆಲಸಕ್ಕೆ ಅಲೆಯಬೇಕಾದವರ ಬಗ್ಗೆ.