ಸೊಲ್ಲಾಪುರ, ಅಕ್ಕಲಕೋಟೆ: ಒಂಟಿ ತಾಯಂದಿರಿಗೆ ಮನೆಯಲ್ಲೇ ಆನ್‌ಲೈನ್ ದುಡಿಮೆ

ಮನೆಯಲ್ಲಿ ಕೂತು ದುಡಿಯುವುದು ಸೊಲ್ಲಾಪುರದ ಹೆಂಗಸರಿಗೆ ಹೊಸತಲ್ಲ. ಕರಾವಳಿಯ ಬ್ಯಾರಿ ಮನೆಗಳಲ್ಲಿ ಉಮ್ಮಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದಂತೆ, ಇಲ್ಲಿಯೂ ಸಾವಿರಾರು ತಾಯಂದಿರು ಎಲೆ, ತಂಬಾಕು ಮನೆಗೆ ತಂದು ಬೀಡಿ ಕಟ್ಟಿ ಸಂಸಾರ ತೂಗಿಸಿದ್ದಾರೆ. ನಗರದ ಹೊರಗೆ ಕುಂಭಾರಿಯಲ್ಲಿ ಬೀಡಿ ಕಾರ್ಮಿಕರಿಗಾಗಿಯೇ 10,000 ಮನೆಗಳ ಕಾಲೊನಿ ಇದೆ. ಗಂಡ ತೀರಿಹೋದ ಅಥವಾ ತಲಾಖ್ ಆದ ತಾಯಿಗೆ ಮಕ್ಕಳನ್ನು ಬಿಟ್ಟು ಹೊರಗೆ ಹೋಗುವುದು ಕಷ್ಟ. ಅವಳ ಕೈಗೆ ಈಗ ಬೀಡಿ ಮೊರದ ಜೊತೆ ಮೊಬೈಲೂ ಬಂದಿದೆ. ಆದರೆ ಬೀಡಿ ಕೆಲಸದಲ್ಲಿ ಗುರುತಿನ ಚೀಟಿ, ಪಿಎಫ್, ಮಕ್ಕಳಿಗೆ ವಿದ್ಯಾರ್ಥಿವೇತನ ಎಂಬ ಆಸರೆಗಳಿವೆ. ಆನ್‌ಲೈನ್ ಕೆಲಸದಲ್ಲಿ ಸಾಮಾನ್ಯವಾಗಿ ಇವು ಯಾವುವೂ ಇಲ್ಲ. ಹಾಗಾಗಿ ಮೊದಲ ತಿಂಗಳೇ ಬೀಡಿ ಬಿಟ್ಟುಬಿಡುವುದು ಜಾಣತನವಲ್ಲ.

ಈ ಭಾಗದ ದೊಡ್ಡ ಬಂಡವಾಳ ಭಾಷೆ. ಅಕ್ಕಲಕೋಟೆ ತಾಲೂಕಿನ ಮನೆಗಳಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಮುಸ್ಲಿಮರ ಓಣಿಯಲ್ಲಿ ದಖನಿ ಉರ್ದು. ಮೂರನ್ನೂ ಸಲೀಸಾಗಿ ಮಾತಾಡುವವರಿಗೆ ಅದೊಂದು ವಿದ್ಯೆ ಎಂದೇ ಅನ್ನಿಸುವುದಿಲ್ಲ. ಪುಣೆ, ಮುಂಬೈಯ ಕನ್ನಡಿಗರ ಮಕ್ಕಳಿಗೆ ವಿಡಿಯೊ ಕರೆಯಲ್ಲಿ ಕನ್ನಡ ಓದು-ಬರಹ ಕಲಿಸುವುದು, ಚಿಕ್ಕ ಮಕ್ಕಳಿಗೆ ಕುರ್‌ಆನ್ ಓದು ಹೇಳಿಕೊಡುವುದು, ಕನ್ನಡ-ಮರಾಠಿ ಅನುವಾದ, ಆಡಿಯೊ ಕೇಳಿ ಟೈಪ್ ಮಾಡುವುದು ಇವೆಲ್ಲ ಶಾಲೆಯ ಹೊತ್ತಿನಲ್ಲಿ ಇಲ್ಲವೇ ಸಂಜೆ ಮಾಡಬಹುದಾದ ಕೆಲಸಗಳು. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಕನ್ನಡದಂಥ ಭಾಷೆಗಳಲ್ಲಿ ವಾಕ್ಯ ಓದಿ ಫೋನ್‌ನಲ್ಲಿ ರೆಕಾರ್ಡ್ ಮಾಡುವವರಿಗೆ ಹಣ ಕೊಡುತ್ತಾ ಬಂದಿದೆ. ಇಂಥ ಕೆಲಸ ಪ್ರಾಜೆಕ್ಟ್ ಇದ್ದಾಗ ಮಾತ್ರ ಸಿಗುತ್ತದೆ, ಅದನ್ನೇ ನಂಬಿ ಬಾಡಿಗೆ ಮನೆ ಹಿಡಿಯುವಂತಿಲ್ಲ.

ಇನ್ನೊಂದು ದಾರಿ ಅಡುಗೆಮನೆಯದ್ದು. ಸೊಲ್ಲಾಪುರದ ಶೇಂಗಾ ಚಟ್ನಿ, ಕಡಕ್ ಜೋಳದ ರೊಟ್ಟಿಗೆ ಹೊರಗೆಲ್ಲ ಬೇಡಿಕೆ ಇದೆ, ಎರಡೂ ದಿನಗಟ್ಟಲೆ ಕೆಡುವುದಿಲ್ಲ. ಮಾರಲು ಹೊರಟರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಸಣ್ಣ ತಯಾರಕರಿಗೆ ಅದು ಸರಳ. ‘ಉದ್ಯಮ್’ ನೋಂದಣಿ ಪೂರ್ತಿ ಉಚಿತ. ಅದಕ್ಕೆ ಸಾವಿರಗಟ್ಟಲೆ ಕೇಳುವ ವೆಬ್‌ಸೈಟ್‌ಗಳು ಸರ್ಕಾರದ್ದಲ್ಲ.

ಎಡವುವುದು ಗಡಿಯಲ್ಲಿ. ಅಕ್ಕಲಕೋಟೆಯವರಿಗೆ ಆಳಂದ, ಕಲಬುರಗಿ, ಇಂಡಿ ಎಂದರೆ ನೆಂಟರ ಊರು. ಆದರೆ ಜಿಎಸ್‌ಟಿ ಲೆಕ್ಕದಲ್ಲಿ ಅದು ಬೇರೆ ರಾಜ್ಯ. ಮಹಾರಾಷ್ಟ್ರದೊಳಗೇ ಸರಕು ಮಾರುವವರು ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಮಾಡಬೇಕಿಲ್ಲ. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಮಾರುಕಟ್ಟೆ ತಾಣಗಳಲ್ಲೂ ಇಂಥವರು ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ಪಡೆದು ಮಾರಬಹುದು, ರಾಜ್ಯದೊಳಗೆ ಮಾತ್ರ. ಅದೇ ಚಟ್ನಿಯ ಡಬ್ಬಿಯನ್ನು ಕಲಬುರಗಿಯ ಗಿರಾಕಿಗೆ ಮಾರಿದರೆ, ಮೊತ್ತ ಎಷ್ಟೇ ಚಿಕ್ಕದಿರಲಿ, ನೋಂದಣಿ ಕಡ್ಡಾಯ. ಟ್ಯೂಷನ್, ಅನುವಾದದಂಥ ಸೇವೆಗೆ ಈ ತೊಡಕಿಲ್ಲ. ವರ್ಷಕ್ಕೆ 20 ಲಕ್ಷದ ತನಕ ಗಡಿ ದಾಟಿದರೂ ನೋಂದಣಿ ಬೇಡ. ಕೈಯಲ್ಲಿ ಬಂಡವಾಳ ಇಲ್ಲದ ತಾಯಿಗೆ ಸೇವೆಯಿಂದ ಶುರು ಮಾಡುವುದು ಹಗುರ ಎನ್ನುವುದಕ್ಕೆ ಇದೂ ಒಂದು ಕಾರಣ.

ಪ್ಯಾನ್ ಕಾರ್ಡ್ ಮಾಡಿಸುವಾಗ, ತಾಯಿಯೊಬ್ಬಳೇ ಸಾಕಿದ ಮಕ್ಕಳು ತಂದೆಯ ಹೆಸರು ಬರೆಯಲೇಬೇಕೆಂಬ ನಿಯಮ 2018ರ ಡಿಸೆಂಬರ್ 5ರಿಂದ ಇಲ್ಲ. ಬ್ಯಾಂಕ್ ಖಾತೆ, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಎರಡೂ ತಾಯಿಯ ಹೆಸರಲ್ಲೇ ಇರಬೇಕು. ಅಣ್ಣನ ಅಥವಾ ಮಾವನ ಖಾತೆಗೆ ಹಣ ಬರುವಂತೆ ಮಾಡಿದರೆ ಮುಂದೆ ಲೆಕ್ಕ ಕೇಳುವುದು ಕಷ್ಟ, ಮನಸ್ತಾಪವೂ ತಪ್ಪಿದ್ದಲ್ಲ.

ಮೋಸದ ವಿಷಯಕ್ಕೆ ಬಂದರೆ, ಒಂಟಿ ತಾಯಂದಿರನ್ನು ಹುಡುಕಿಕೊಂಡು ಬರುವವರು ಬಹಳ. ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಪಾರ್ಟ್‌ಟೈಮ್ ಜಾಬ್’ ಮೆಸೇಜ್ ವಿಡಿಯೊಗೆ ಲೈಕ್ ಒತ್ತಿದರೆ ನೂರಿನ್ನೂರು ರೂಪಾಯಿ ನಿಜವಾಗಿಯೂ ಹಾಕುತ್ತದೆ. ಆಮೇಲೆ ಟೆಲಿಗ್ರಾಂ ಗ್ರೂಪ್‌ಗೆ ಸೇರಿಸಿ, ‘ಟಾಸ್ಕ್‌ಗೆ ಮೊದಲು ಹಣ ಹಾಕಿ’ ಎನ್ನುತ್ತಾರೆ. ಹಾಕಿದ್ದು ವಾಪಸ್ ಬರುವುದಿಲ್ಲ. ಡೇಟಾ ಎಂಟ್ರಿ ಹೆಸರಲ್ಲಿ ಇನ್ನೊಂದು ಬಗೆ: ಕೆಲಸ ಮುಗಿಸಿ ಕೊಟ್ಟರೆ ‘ತಪ್ಪು ಜಾಸ್ತಿ’ ಎಂದು ಹೇಳಿ, ಒಪ್ಪಂದ ಮುರಿದಿರಿ ಎಂದು ನಕಲಿ ವಕೀಲರ ನೋಟಿಸ್ ಕಳಿಸಿ ಹೆದರಿಸುವುದು. ಹೆದರಿ ಒಡವೆ ಅಡವಿಟ್ಟು ಕಟ್ಟಬೇಕಾಗಿಲ್ಲ. ಕೆಲಸ ಕೊಡುವವನೇ ಹಣ ಕೊಡಬೇಕು. ರಿಜಿಸ್ಟ್ರೇಷನ್, ಟ್ರೈನಿಂಗ್, ಡೆಪಾಸಿಟ್ ಎಂದು ಕೇಳಿದ ಕೂಡಲೇ ಫೋನ್ ಇಡಬಹುದು. ಕಮಿಷನ್ ಆಸೆಗೆ ಖಾತೆಯನ್ನು ‘ಬಾಡಿಗೆಗೆ’ ಕೊಡುವುದಂತೂ ಇನ್ನೂ ಅಪಾಯ. ಕದ್ದ ಹಣ ಆ ಖಾತೆ ಮೂಲಕ ಹೋದರೆ ಖಾತೆ ಫ್ರೀಜ್ ಆಗುತ್ತದೆ, ಪೊಲೀಸರು ಮೊದಲು ಬರುವುದೂ ಅದೇ ಮನೆ ಬಾಗಿಲಿಗೆ. ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡಬೇಕು. ತಡಮಾಡಿದಷ್ಟೂ ತಡೆಹಿಡಿಯುವ ಅವಕಾಶ ಕಡಿಮೆ.

ಆನ್‌ಲೈನ್ ದುಡ್ಡು ಮೊದಲ ತಿಂಗಳುಗಳಲ್ಲಿ ಅಕ್ಕಿ-ಬೇಳೆಗೂ ಸಾಲದು. ಆ ಹೊತ್ತಿಗೆ ಮಹಾರಾಷ್ಟ್ರದ ಸಾವಿತ್ರಿಬಾಯಿ ಫುಲೆ ಬಾಲ ಸಂಗೋಪನ ಯೋಜನೆ ನೆರವಾಗುತ್ತದೆ. ಅರ್ಹರಿಗೆ ಮಗುವೊಂದಕ್ಕೆ ತಿಂಗಳಿಗೆ 2,250 ರೂಪಾಯಿ, ಅರ್ಜಿ ಮಹಿಳಾ ಮತ್ತು ಬಾಲವಿಕಾಸ ಇಲಾಖೆಯಲ್ಲಿ. ದುಡಿಯಲು ಶುರು ಮಾಡಿದರೆ ಮಕ್ಕಳ ತಂದೆಯಿಂದ ಬರಬೇಕಾದ ಜೀವನಾಂಶ ನಿಂತೇಹೋಗುತ್ತದೆ ಎಂಬ ಮಾತು ಓಣಿಯಲ್ಲಿ ಓಡಾಡುತ್ತದೆ, ಅದು ಸರಿಯಲ್ಲ. ತಲಾಖ್ ಆದ ಮುಸ್ಲಿಂ ಮಹಿಳೆಯೂ ಸಿಆರ್‌ಪಿಸಿ ಸೆಕ್ಷನ್ 125ರಡಿ ಜೀವನಾಂಶ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 10ರಂದು ಹೇಳಿದೆ. ಸಣ್ಣ ಸಂಪಾದನೆ ಇದೆ ಎಂಬ ಒಂದೇ ಕಾರಣಕ್ಕೆ ಆ ಹಕ್ಕು ಹೋಗುವುದಿಲ್ಲ, ಮಕ್ಕಳ ಪಾಲು ಬೇರೆಯೇ. ಕೋರ್ಟ್ ಫೀಸಿಗೆ ಹೆದರುವವರಿಗೆ ಸೊಲ್ಲಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಅಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.