ಸ್ಟೆಪ್ನಿಯ ಪಾಡು

ಕಲಬುರಗಿ ಕಡೆಯ ರಾವೂರಿನ ರಸ್ತೆ ಬದಿಯ ಪಂಚರ್ ಅಂಗಡಿಗೆ ಹೋಗಿ ‘ಹೆಚ್ಚುವರಿ ಚಕ್ರ’ ಎಂದರೆ ಹುಡುಗ ಮುಖ ನೋಡುತ್ತಾನೆ. ‘ಸ್ಟೆಪ್ನಿ’ ಎಂದರೆ ಪಾನಾ, ಜ್ಯಾಕು ಹಿಡಿದು ಎದ್ದೇ ಬಿಡುತ್ತಾನೆ. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಕಲ್ಲು, ಸಿಮೆಂಟು ಹೊತ್ತು ಹಗಲೂ ರಾತ್ರಿ ಓಡುವ ಲಾರಿಗಳಿಗೆ ಲೆಕ್ಕವಿಲ್ಲ. ದೂರದ ಬಾಡಿಗೆಗೆ ಹೊರಟ ಡ್ರೈವರನಿಗೆ ಮನೆಯವರು ಬುತ್ತಿ ನೆನಪಿಸಿದರೆ ಮಾಲೀಕ ಇದನ್ನು ನೆನಪಿಸುತ್ತಾನೆ: ‘ಸ್ಟೆಪ್ನಿದಾಗ ಹವಾ ಅದೋ ಇಲ್ಲೋ ನೋಡ್ಕೋಪಾ.’ ಓದು ಬರಹ ಬಾರದವರ ಬಾಯಲ್ಲೂ ಇಷ್ಟು ಸಲೀಸಾಗಿ ಕೂತ ಈ ಪದ ಎಲ್ಲಿಂದ ಬಂತು?

ಅದರ ಹುಟ್ಟೂರು ಬ್ರಿಟನ್ನಿನ ವೇಲ್ಸ್ ನಾಡಿನ ಲಾನೆಲ್ಲಿ. ತಗಡಿನ ಕಾರ್ಖಾನೆಗಳಿಗೆ ಹೆಸರಾದ ಆ ಪಟ್ಟಣದಲ್ಲಿ ಸ್ಟೆಪ್ನಿ ಎಂಬ ಜಮೀನ್ದಾರಿ ಮನೆತನವಿತ್ತು, ಆ ಮನೆತನದ ಹೆಸರಿನ ಒಂದು ಬೀದಿಯೂ ಇತ್ತು. 1904ರಲ್ಲಿ ಥಾಮಸ್ ಮಾರಿಸ್ ಡೇವಿಸ್ ಮತ್ತು ವಾಲ್ಟರ್ ಡೇವಿಸ್ ಎಂಬ ಸಹೋದರರು ಅಲ್ಲಿ ಒಂದು ಹೊಸ ಸಾಮಾನು ತಯಾರಿಸಿದರು. ಆಗಿನ ಮೋಟಾರುಗಳು ಹೆಚ್ಚುವರಿ ಗಾಲಿ ಇಲ್ಲದೆಯೇ ಮಾರಾಟವಾಗುತ್ತಿದ್ದವು. ರಸ್ತೆ ತುಂಬ ಕುದುರೆ ಲಾಳದ ಮೊಳೆಗಳು. ಪಂಚರಾದರೆ ನಡುದಾರಿಯಲ್ಲೇ ಕೂತು ಟೈರು ಬಿಚ್ಚಿ, ಟ್ಯೂಬಿಗೆ ತೇಪೆ ಹಚ್ಚಿ, ಹವಾ ತುಂಬಿಕೊಂಡು ಮುಂದೆ ಹೋಗಬೇಕು. ಡೇವಿಸ್ ಸಹೋದರರು ಕೊಟ್ಟದ್ದು ಅರೆಗಳಿಲ್ಲದ ಒಂದು ಉಕ್ಕಿನ ಬಳೆ, ಅದರ ಮೇಲೆ ಮೊದಲೇ ಹವಾ ತುಂಬಿದ ಟೈರು. ಪಂಚರಾದ ಗಾಲಿಯನ್ನು ಬಿಚ್ಚಬೇಕಾಗಿಯೇ ಇಲ್ಲ; ಅದರ ಮಗ್ಗುಲಿಗೇ ಇದನ್ನು ಹಿಡಿಕೆಗಳಿಂದ ಬಿಗಿದರೆ ಗಾಡಿ ಹೊರಟಿತು. ಬೀದಿಯ ಹೆಸರೇ ಸಾಮಾನಿನ ಹೆಸರಾಯಿತು.

ಕೆಲವೇ ವರ್ಷಗಳಲ್ಲಿ ಗಾಲಿಯನ್ನೇ ಇಡಿಯಾಗಿ ಬಿಚ್ಚಿ ಬೇರೆ ಗಾಲಿ ಹಾಕುವ ಏರ್ಪಾಡು ಬಂತು. ಬಳೆಯ ಕೆಲಸ ಮುಗಿಯಿತು. ಇಂಗ್ಲಿಷಿನವರು ಹೆಸರನ್ನೂ ಮರೆತರು. ಆದರೆ ಅವರ ಹಡಗುಗಳಲ್ಲಿ ಹೊರಟ ಪದ ಇಳಿದ ಕಡೆಯಲ್ಲೆಲ್ಲ ಬೇರು ಬಿಟ್ಟಿತ್ತು. ಭಾರತ, ಬಾಂಗ್ಲಾದೇಶ, ಮಾಲ್ಟಾಗಳಲ್ಲಿ ಇಂದಿಗೂ ಅದು ಸ್ಟೆಪ್ನಿಯೇ. ಬ್ರೆಜಿಲ್‌ನ ಪೋರ್ಚುಗೀಸ್ ನುಡಿಯಲ್ಲಿ ‘ಎಸ್ತೆಪಿ’ ಆಗಿದೆ. ಸಾಮಾನು ಸತ್ತ ಮೇಲೂ ಪದ ಬದುಕಿ, ತನಗಿಂತ ಹೊಸದಾದ ಇನ್ನೊಂದು ಸಾಮಾನಿಗೆ ಹೆಸರಾಗಿ ನಿಂತಿತು. ನಾವು ಕಾರಿನ ಹಿಂಬದಿಗೆ ಹೇಳುವ ‘ಡಿಕ್ಕಿ’ಯದೂ ಇಂಥದೇ ಕತೆ. ಹಳೆಯ ಗಾಡಿಗಳ ಹಿಂದಿನ ಮಡಚುವ ಸೀಟಿನ ಹೆಸರದು. ಆ ಸೀಟು ಹೋಗಿ ಎಷ್ಟೋ ಕಾಲವಾದರೂ ನಮ್ಮಲ್ಲಿ ಡಿಕ್ಕಿ ಉಳಿದಿದೆ, ಡಿಕ್ಕಿಯೊಳಗೆ ಸ್ಟೆಪ್ನಿಯೂ ಇದೆ.

ಕನ್ನಡದ ನಾಲಿಗೆಗೆ ಈ ಪದ ಕಷ್ಟ ಕೊಡಲಿಲ್ಲ. ಇಕಾರದಲ್ಲಿ ಮುಗಿಯುವುದರಿಂದ ‘ಗಾಲಿ’ಯ ಹಾಗೆ ಎಲ್ಲ ವಿಭಕ್ತಿಗಳಿಗೂ ಒಗ್ಗಿತು. ಕೆಲವರ ಬಾಯಲ್ಲಿ ಮುಂದೊಂದು ಇಕಾರ ಸೇರಿ ‘ಇಸ್ಟೆಪ್ನಿ’ ಆಯಿತು. ಕಲಬುರಗಿ ಕಡೆಯ ಗ್ಯಾರೇಜಿನಲ್ಲಿ ಅದರ ಅಕ್ಕಪಕ್ಕದ ಪದಗಳನ್ನು ನೋಡಿ: ಪಾನಾ, ಹವಾ, ಜಂಗು, ಮಿಸ್ತ್ರಿ, ಉಸ್ತಾದ. ನಿಜಾಮರ ಆಡಳಿತ, ದಖನಿ, ಮರಾಠಿ, ಇಂಗ್ಲಿಷು, ಎಲ್ಲ ಕಡೆಯಿಂದ ಬಂದವು ಕನ್ನಡದ ಕ್ರಿಯಾಪದ ಹಿಡಿದು ದುಡಿಯುತ್ತವೆ. ಬೇರೆ ನುಡಿಯ ಪದವನ್ನು ಕನ್ನಡದಲ್ಲಿ ಹೇಗೆ ಬೆರೆಸಬೇಕು, ಎಲ್ಲಿ ಬೆರೆಸಿದರೆ ಕೆಡುತ್ತದೆ ಎಂಬ ಮಾತು ನಮ್ಮಲ್ಲಿ ಮೊದಲಿಗೆ ದಾಖಲಾದದ್ದೂ ಈ ಸೀಮೆಯಲ್ಲೇ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನ ಆಸ್ಥಾನದಲ್ಲಿ ಶ್ರೀವಿಜಯ ಬರೆದ ‘ಕವಿರಾಜಮಾರ್ಗ’ ಸಂಸ್ಕೃತ ಪದಗಳ ಬೆರಕೆಯ ಬಗ್ಗೆ ಎಚ್ಚರ ಹೇಳುತ್ತದೆ. ಆ ಎಚ್ಚರ ಕವಿಗಳಿಗೆ ಹೇಳಿದ್ದು. ಮಿಸ್ತ್ರಿಗಳು ಪುಸ್ತಕ ನೋಡದೆಯೇ ಅದನ್ನು ಪಾಲಿಸಿದ್ದಾರೆ. ಬಳಸಿ ಬಳಸಿ ನುಣುಪಾದ ಪದವನ್ನಷ್ಟೇ ಇಟ್ಟುಕೊಂಡಿದ್ದಾರೆ.

ಇನ್ನು ಸ್ಟೆಪ್ನಿ ಇರುವ ಜಾಗ. ಕಾರಿನಲ್ಲಾದರೆ ಡಿಕ್ಕಿಯ ನೆರಳು ಸಿಕ್ಕೀತು. ಲಾರಿ, ಟೆಂಪೊಗಳಲ್ಲಿ, ಹಾಸಿಗೆ ಒಲೆ ನೀರಿನ ಟಾಕಿ ಇಟ್ಟುಕೊಂಡು ಮನೆಯನ್ನೇ ಹೊತ್ತು ತಿರುಗುವ ಕ್ಯಾರವಾನ್ ಗಾಡಿಗಳಲ್ಲಿ, ಸಾಮಾನ್ಯವಾಗಿ ಅದಕ್ಕೆ ಜಾಗ ಗಾಡಿಯ ಹೊಟ್ಟೆಯ ಕೆಳಗೆ. ಗಾಲಿಯ ನಡುವಿನ ತೂತಿನಲ್ಲಿ ಒಂದು ತಟ್ಟೆ ಸಿಕ್ಕಿಸಿ, ಸರಪಳಿಯಿಂದಲೋ ಉಕ್ಕಿನ ಹಗ್ಗದಿಂದಲೋ ಸಣ್ಣ ರಾಟೆಯ ಮೇಲೆ ಎಳೆದು, ಛಾಸಿಗೆ ಅಂಟುವ ಹಾಗೆ ಬಿಗಿದಿರುತ್ತಾರೆ. ಹಿಂದಿನಿಂದ ಉದ್ದನೆಯ ರಾಡು ತೂರಿಸಿ ತಿರುವಿದರೆ ಇಳಿಯಬೇಕು. ಬಹಳಷ್ಟು ಸಲ ಇಳಿಯುವುದಿಲ್ಲ.

ರಾವೂರಿನ ಸುತ್ತ ಏಕೆ ಇಳಿಯುವುದಿಲ್ಲ ಎಂಬುದನ್ನು ನೆಲವೇ ಹೇಳುತ್ತದೆ. ಇಲ್ಲಿಯದು ಸುಣ್ಣದ ಕಲ್ಲು. ಪದರಪದರವಾಗಿ ಏಳುವ ಶಹಾಬಾದಿ ಪರಸಿ ಇದರದೇ. ಗಣಿಯಿಂದ ಎದ್ದ ಧೂಳು, ಪಾಲಿಶ್ ಮಷಿನ್ನಿನಿಂದ ಹರಿದ ಕೆಸರು ರಸ್ತೆಗೆ ಬರುತ್ತವೆ. ಇದೇ ಕಲ್ಲನ್ನು ಪುಡಿ ಮಾಡಿ 1,400 ಡಿಗ್ರಿ ಸೆಲ್ಸಿಯಸ್ ಮೇಲಿನ ಬಿಸಿಗೆ ಸುಟ್ಟು ಸಿಮೆಂಟು ಮಾಡುವ ದೊಡ್ಡ ಕಾರ್ಖಾನೆಗಳು ವಾಡಿ, ಮಳಖೇಡ, ಸೇಡಂಗಳಲ್ಲಿವೆ. ಮುಂದಿನ ಗಾಲಿಗಳು ಎರಚಿದ್ದೆಲ್ಲ ಹಿಂದೆ ನೇತಾಡುವ ಸ್ಟೆಪ್ನಿಯ ಮೇಲೆ ಬೀಳುತ್ತದೆ. ಕಲ್ಲಿನ ಪುಡಿ ನೀರು ಕುಡಿದು ಒಣಗಿದರೆ ಹೆಪ್ಪುಗಟ್ಟುತ್ತದೆ. ಸಿಮೆಂಟಿನ ಪುಡಿ ಸೇರಿದರೆ ಮರಳಿ ಕಲ್ಲೇ ಆಗುತ್ತದೆ. ಒಳಗೆ ತಟ್ಟೆಗೂ ರಿಮ್ಮಿಗೂ ನಡುವೆ ಜಂಗು ಬೆಳೆಯುತ್ತದೆ. ರಾಟೆ ತಿರುಗುತ್ತದೆ, ಹಗ್ಗ ಸಡಿಲಾಗುತ್ತದೆ, ಗಾಲಿ ಮಾತ್ರ ಇದ್ದಲ್ಲೇ ಇರುತ್ತದೆ.

ಇಂಥ ಹೊತ್ತಿನಲ್ಲಿ ಅನುಭವ ಇದ್ದವರ ಕೈ ಬೇರೆ, ಅವಸರದ ಕೈ ಬೇರೆ. ಅವಸರದವನು ರಾಡು ತಿರುವುತ್ತಲೇ ಹೋಗುತ್ತಾನೆ. ಸಡಿಲಾದ ಹಗ್ಗ ರಾಟೆಯೊಳಗೆ ಸಿಕ್ಕುಸಿಕ್ಕಾಗಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಮಿಸ್ತ್ರಿ ಮೊದಲು ಆ ಹಗ್ಗವನ್ನು ಹಿಂದಕ್ಕೆ ಸುತ್ತಿಸುತ್ತಾನೆ. ಗಾಡಿಯನ್ನು ಸಮ ನೆಲಕ್ಕೆ ತಂದು ಗಾಲಿಗಳಿಗೆ ಕಲ್ಲು ಕೊಡಿಸುತ್ತಾನೆ. ಜ್ಯಾಕಿನ ಬುಡಕ್ಕೆ ಮಾತ್ರ ಪರಸಿ ಇಡಗೊಡುವುದಿಲ್ಲ. ಒಂದೇ ಬಿಂದುವಿಗೆ ಭಾರ ಬಿದ್ದರೆ ಪರಸಿ ಸೀಳುತ್ತದೆ, ಅಲ್ಲಿಗೆ ಮರದ ದಿಮ್ಮಿಯೇ ಆಗಬೇಕು. ಆಮೇಲೆ ತಂತಿ ಬ್ರಶ್ಶಿನಿಂದ ಹೆಪ್ಪು ಕೆರೆದು, ತಟ್ಟೆಯ ಸುತ್ತ ಡೀಸೆಲ್ ಬೆರೆಸಿದ ಎಣ್ಣೆ ಬಿಟ್ಟು ಸುಮ್ಮನೆ ಕೂರುತ್ತಾನೆ. ಸುತ್ತಿಗೆ ಎತ್ತಿದ ಕ್ಲೀನರ್ ಹುಡುಗನಿಗೆ ಹೇಳುತ್ತಾನೆ: ‘ತಮ್ಮಾ, ಜಬರ್ದಸ್ತಿ ಮಾಡಬ್ಯಾಡ. ಎಣ್ಣಿ ಕುಡೀಲಿ ತಡಿ.’

ಎಣ್ಣೆ ಕುಡಿದ ಮೇಲೆ ಇನ್ನೊಂದು ಜ್ಯಾಕು ಕೊಟ್ಟು ಗಾಲಿಯನ್ನು ಕೆಳಗಿನಿಂದ ತುಸು ಎತ್ತುತ್ತಾರೆ. ಗಾಲಿಯ ಭಾರ ಹಗ್ಗದಿಂದ ಜ್ಯಾಕಿಗೆ ಬರುತ್ತದೆ. ಆಗ ರಿಮ್ಮಿನ ಸುತ್ತ ನಾಲ್ಕು ಕಡೆ ಹದವಾಗಿ ಬಡಿದು, ರಾಡನ್ನು ಅರ್ಧ ಸುತ್ತು ಹಿಂದೆ, ಅರ್ಧ ಸುತ್ತು ಮುಂದೆ ಆಡಿಸುತ್ತಾರೆ. ಗ್ಯಾಸ್ ಬೆಂಕಿ ಹಿಡಿದು ಕಾಯಿಸಲು ಯಾವ ಬಲ್ಲವನೂ ಒಪ್ಪುವುದಿಲ್ಲ. ಹವಾ ತುಂಬಿದ ಟೈರಿನ ಹತ್ತಿರ ಬೆಂಕಿ ತಂದರೆ ಅದು ಸಿಡಿದು ಜೀವ ತೆಗೆಯುತ್ತದೆ. ಲಾರಿಯ ಗಾಲಿ ರಿಮ್ಮು ಸೇರಿ ನೂರು ಕಿಲೋದ ಆಚೀಚೆ ತೂಗುತ್ತದೆ. ಅದು ಕಳಚುವ ಕ್ಷಣದಲ್ಲಿ ಕೆಳಗೆ ಯಾರ ಎದೆಯೂ, ಯಾರ ಕೈಯೂ ಇರಕೂಡದು. ಜ್ಯಾಕಿನ ಮೇಲೆ ಕೂತ ಗಾಲಿಯನ್ನು ಮೆಲ್ಲಗೆ ಇಳಿಸಿ ಹೊರಗೆ ಎಳೆಯುತ್ತಾರೆ. ಮೊದಲು ನೋಡುವುದು ಹವಾ. ಎಷ್ಟೋ ಸಲ ಇಷ್ಟೆಲ್ಲ ಮಾಡಿ ಇಳಿಸಿದ ಸ್ಟೆಪ್ನಿಯಲ್ಲಿ ಹವಾ ಇರುವುದಿಲ್ಲ, ವರ್ಷಗಟ್ಟಲೆ ಯಾರೂ ನೋಡಿರುವುದಿಲ್ಲ.

ಪದದ ಇನ್ನೊಂದು ಬದುಕು ಇಲ್ಲಿಂದ ಶುರುವಾಗುತ್ತದೆ. ಸ್ಟೆಪ್ನಿಯನ್ನು ನಾವು ಮನುಷ್ಯರ ಮೇಲೂ ಹೇರಿದ್ದೇವೆ. ರಜೆ ಹೋದವನ ಜಾಗಕ್ಕೆ ಬಂದ ಡ್ರೈವರ್ ಸ್ಟೆಪ್ನಿ. ಹನ್ನೊಂದು ಜನರಲ್ಲಿ ಸೇರದೆ ಗೆರೆಯಾಚೆ ಕೂತ ಆಟಗಾರ ಸ್ಟೆಪ್ನಿ. ಕಾರ್ಖಾನೆಯ ಗುತ್ತಿಗೆ ಕೆಲಸಗಾರ, ಕಾಲೇಜಿನ ಅತಿಥಿ ಉಪನ್ಯಾಸಕ ತಮ್ಮನ್ನು ತಾವೇ ಹಾಗೆಂದುಕೊಳ್ಳುವುದನ್ನು ಕೇಳಿದ್ದೇನೆ. ‘ನಾವೇನ್ರಿ, ಸ್ಟೆಪ್ನಿ’ ಎನ್ನುವಾಗ ಆ ದನಿಯಲ್ಲಿರುವ ನೋವು ಕೇಳುವವರಿಗೆ ತಾಗದೆ ಇರದು. ಬಟ್ಟೆ ಗಿರಣಿಗಳ ಕಾಲದಲ್ಲಿ ಇಂಥವರಿಗೆ ‘ಬದಲಿ’ ಎಂಬ ಹೆಸರಿತ್ತು, ಅದು ಹಾಜರಿ ಪುಸ್ತಕದ ಪದ. ಸ್ಟೆಪ್ನಿ ಹಾಗಲ್ಲ, ಅದರಲ್ಲಿ ತಿರಸ್ಕಾರ ಬೆರೆತಿದೆ. ಇನ್ನೂ ಕೆಟ್ಟದ್ದು, ಮದುವೆಯಾಚೆಯ ಸಂಬಂಧದಲ್ಲಿರುವ ಹೆಣ್ಣಿಗೆ ಗಂಡಸರ ಹರಟೆಯಲ್ಲಿ ಈ ಹೆಸರು. ಹೆಣ್ಣನ್ನು ಬೇಕಾದಾಗ ತೆಗೆದು ಬಳಸುವ ಸಾಮಾನು ಮಾಡುವ ಆ ಬಳಕೆಯನ್ನು ಬಿಟ್ಟೇ ಬಿಡಬೇಕು.

ಉಳಿದ ಬಳಕೆಗಳ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ. ಸ್ಟೆಪ್ನಿ ಎಂದರೆ ಕಡಿಮೆ ದರ್ಜೆಯದು ಎಂದುಕೊಂಡಿದ್ದೇವೆ. ಕೆಲವು ಹೊಸ ಕಾರುಗಳಲ್ಲಿ, ಗಂಟೆಗೆ 80 ಕಿಲೋಮೀಟರಿಗಿಂತ ಜೋರಾಗಿ ಓಡಿಸಬೇಡಿ ಎಂದು ಬರೆದ ಸಣಕಲು ಸ್ಟೆಪ್ನಿ ಬರುವುದು ನಿಜ. ಆದರೆ ಪರಸಿ ಹೊರುವ ಲಾರಿಗೆ ಅದು ನಡೆಯುವುದಿಲ್ಲ. ಅಲ್ಲಿ ಸ್ಟೆಪ್ನಿಯೂ ಉಳಿದ ಗಾಲಿಗಳ ಅಳತೆಯದೇ ಇರಬೇಕು, ಅಷ್ಟೇ ಭಾರ ಹೊರಬೇಕು. ಮತ್ತೂ ಒಂದು ಮಾತು: ಪಂಚರಾದ ಗಾಲಿ ಕೆಳಗಿಳಿದು ಸ್ಟೆಪ್ನಿ ಮೇಲೇರಿದ ಗಳಿಗೆಗೆ ಅದರ ಹೆಸರು ಹೋಯಿತು. ಈಗ ಅದು ಗಾಲಿ. ತೇಪೆ ಹಾಕಿಸಿಕೊಂಡು ಬಂದ ಹಳೆಯ ಗಾಲಿಯೇ ಸ್ಟೆಪ್ನಿಯಾಗಿ ಹೊಟ್ಟೆಯ ಕೆಳಗೆ ಸೇರುತ್ತದೆ. ಟೈರುಗಳು ಸಮನಾಗಿ ಸವೆಯಲಿ ಎಂದು ಸ್ಟೆಪ್ನಿಯನ್ನೂ ಸೇರಿಸಿ ಗಾಲಿಗಳನ್ನು ಅದಲುಬದಲು ಮಾಡುವ ಜಾಣ ಮಾಲೀಕರಿದ್ದಾರೆ. ಹಾಗಾದರೆ ಸ್ಟೆಪ್ನಿ ಎಂಬುದು ಗಾಲಿಯ ಜಾತಿಯಲ್ಲ, ಸರದಿ. ಇವತ್ತು ಒಂದಕ್ಕೆ, ನಾಳೆ ಇನ್ನೊಂದಕ್ಕೆ.

ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರ ಪಾಡು ನೋಡಿದರೆ ನಾವು ಈ ಸರದಿಯನ್ನೇ ಮರೆತಂತಿದೆ. ಪಾಠ ಅದೇ, ತರಗತಿಯ ಭಾರವೂ ಅದೇ. ಇಳಿಸಿ ನೋಡುವವರಿಲ್ಲ, ಹವಾ ತುಂಬುವವರಿಲ್ಲ. ವರ್ಷ ವರ್ಷ ಧೂಳಿನಲ್ಲೇ ಬಿಗಿದಿಟ್ಟು, ಕಡೆಗೊಂದು ದಿನ ‘ಇವರಲ್ಲಿ ಉತ್ಸಾಹವೇ ಇಲ್ಲ’ ಎಂದು ದೂರುತ್ತೇವೆ. ಆ ಜಂಗು ಹತ್ತಿಸಿದವರು ನಾವೇ.

2020ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದಿತು. ಟ್ಯೂಬ್‌ಲೆಸ್ ಟೈರು, ಹವಾದ ಒತ್ತಡ ತಿಳಿಸುವ ಸಾಧನ, ಪಂಚರ್ ಕಿಟ್ಟು ಇರುವ ಸಣ್ಣ ಪ್ರಯಾಣಿಕ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಮುಂದೆ ಕಾರಿನ ಡಿಕ್ಕಿಗಳಿಂದ ಅದು ಮಾಯವಾದೀತು. ಪದ ಮಾತ್ರ ಹೋಗಲಾರದು. ವಸ್ತು ಹೋದರೂ ಉಳಿಯುವ ಗಟ್ಟಿತನ ಅದರ ಹುಟ್ಟಿನಲ್ಲೇ ಇದೆ. ವಸ್ತು ಹೋದ ಮೇಲೆ ಪದದಲ್ಲಿ ಉಳಿಯುವುದು ನಾವು ತುಂಬಿದ ಅರ್ಥವಷ್ಟೇ. ಅದಕ್ಕೇ ಈಗಲೇ ಸರಿಯಾದ ಅರ್ಥ ತುಂಬಬೇಕು.

ಗಾಡಿ ಇರುವವರು ಮಳೆಗಾಲ ಕಳೆದ ಮೇಲೊಮ್ಮೆ, ಪಂಚರಾಗುವ ಮೊದಲೇ, ಸ್ಟೆಪ್ನಿ ಇಳಿಸಿ ತೊಳೆಯಿರಿ. ಸರಪಳಿಗೆ, ರಾಟೆಗೆ ಗ್ರೀಸು ಕೊಡಿ, ಹವಾ ನೋಡಿ. ಒಂದು ಬೆಳಗಿನ ಕೆಲಸ. ಮನುಷ್ಯರನ್ನು ಸ್ಟೆಪ್ನಿಯಾಗಿ ಇಟ್ಟುಕೊಂಡವರೂ ಆ ಪದದ ಪೂರ್ತಿ ಅರ್ಥಕ್ಕೆ ಬದ್ಧರಾಗಲಿ: ಅದೇ ಅಳತೆಯ ಗಾಲಿಗೆ ಅದೇ ಅಳತೆಯ ಕೂಲಿ, ವೇಳೆಗೆ ಸರಿಯಾಗಿ ಹವಾ, ಮತ್ತು ತಪ್ಪದೆ ಮೇಲೇರುವ ಸರದಿ.