ಗಜನಿ, ಆಗರ, ಜಡ್ಡಿ: ಸಂತೆಗುಳಿ ಸೀಮೆಯಲ್ಲಿ ಶಾಲಾ ವಿಜ್ಞಾನದ ಚರಿತ್ರೆ

ಕುಮಟಾ ತಾಲ್ಲೂಕಿನ ಸಂತೆಗುಳಿ ಸೀಮೆಯ ಒಂದು ಕಡೆ ಘಟ್ಟದ ಕಾಡು, ಇನ್ನೊಂದು ಕಡೆ ಅಘನಾಶಿನಿಯ ಅಳಿವೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಉಪ್ಪಿನ ಆಗರ, ಅಡಿಕೆ ತೋಟ ಎಲ್ಲವೂ ಇದೇ ತಾಲ್ಲೂಕಿನೊಳಗಿವೆ. ಶಾಲೆಯ ಜೀವಶಾಸ್ತ್ರ, ಭೌತಶಾಸ್ತ್ರಗಳ ಮೂಲ ಪರಿಕಲ್ಪನೆಗಳಿಗೆ ಇಲ್ಲಿ ಉದಾಹರಣೆಗಳ ಕೊರತೆಯಿಲ್ಲ. ಆದರೂ ಈ ನೆಲವನ್ನು ಕುರಿತ ಸಂಶೋಧನೆಯೂ ಕನ್ನಡ ಶಾಲೆಯ ವಿಜ್ಞಾನ ಪಾಠವೂ ಬಹುಕಾಲ ಬೇರೆ ಬೇರೆ ದಾರಿಯಲ್ಲೇ ನಡೆದುಬಂದವು. ಆ ಎರಡು ದಾರಿಗಳನ್ನು ಗುರುತಿಸಿ, ಅವು ಕೂಡಬಹುದಾದ ಜಾಗಗಳನ್ನು ತೋರಿಸುವುದು ಈ ಲೇಖನದ ಉದ್ದೇಶ.

ಇಂಗ್ಲಿಷಿನಲ್ಲಿ ಉಳಿದ ಅಧ್ಯಯನ

1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆಮೇಲೆ ಇಲ್ಲಿಗೆ ಬಂದ ಅಧಿಕಾರಿಗಳಲ್ಲಿ ಕೆಲವರು ಒಳ್ಳೆಯ ಜೀವಶೋಧಕರೂ ಆಗಿದ್ದರು. ಉಪ್ಪಿನ ಇಲಾಖೆಯ ಇ.ಎಚ್. ಐಟ್ಕನ್ 1883ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘವನ್ನು ಕಟ್ಟಿದವರಲ್ಲೊಬ್ಬರು. ಅವರು, ಕಲೆಕ್ಟರ್ ಜೆ. ಡೇವಿಡ್‌ಸನ್ ಮತ್ತು ಅರಣ್ಯಾಧಿಕಾರಿ ಟಿ.ಆರ್. ಬೆಲ್ ಸೇರಿ ಈ ಜಿಲ್ಲೆಯ ಚಿಟ್ಟೆಗಳನ್ನು ಕುರಿತ ಲೇಖನಮಾಲೆಯನ್ನು 1896ರಿಂದ 1898ರ ನಡುವೆ ಆ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಸತ್ತ ಚಿಟ್ಟೆಗಳ ಸಂಗ್ರಹಕ್ಕೇ ನಿಲ್ಲದೆ ಅವರು ಕಂಬಳಿಹುಳುಗಳನ್ನು ಸಾಕಿ, ಯಾವ ಹುಳು ಯಾವ ಗಿಡದ ಎಲೆ ತಿನ್ನುತ್ತದೆ, ಕೋಶ ಹೇಗಿರುತ್ತದೆ ಎಂದು ಬರೆದಿಟ್ಟರು. ಪ್ರಾಥಮಿಕ ಶಾಲೆಯಲ್ಲಿ ಇಂದಿಗೂ ಕಲಿಸುವ ಚಿಟ್ಟೆಯ ಜೀವನಚಕ್ರಕ್ಕೆ ಈ ಜಿಲ್ಲೆ ಕೊಟ್ಟ ಕಾಣಿಕೆ ಹೀಗೆ ಇಂಗ್ಲಿಷ್ ಪತ್ರಿಕೆಯ ಸಂಪುಟಗಳಲ್ಲಿ ಉಳಿಯಿತು.

ಕನ್ನಡದಲ್ಲಿ ಬೆಳೆದ ವಿಜ್ಞಾನ

ಕನ್ನಡದಲ್ಲಿ ವಿಜ್ಞಾನ ಹೇಳುವ ಕೆಲಸ ಬೇರೆ ಕಡೆ ಮೊದಲಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದರು. ಅದು ನಡೆದದ್ದು ಎರಡೇ ವರ್ಷ. ಆದರೆ ಗಂಭೀರ ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬಹುದೆಂಬುದಕ್ಕೆ ಅಷ್ಟು ಪುರಾವೆ ಸಾಕಾಗಿತ್ತು. 1939ರಲ್ಲಿ ಅದೇ ಭೌತಶಾಸ್ತ್ರದ ಮೇಷ್ಟರು ‘ಜೀವವಿಜ್ಞಾನ’ ಎಂಬ ಗ್ರಂಥ ಬರೆದರು. ಎರಡೂ ಶಾಸ್ತ್ರಗಳನ್ನು ಒಂದೇ ಅರಿವಿನ ಭಾಗವಾಗಿ ಕಂಡ ಮನಸ್ಸು ಅದು.

ಕರಾವಳಿಯಿಂದ ಬಂದ ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ, 1959ರಿಂದ ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಕೊಟ್ಟರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೂ ಮೊದಲೇ, 1953ರಲ್ಲಿ, ದಿನಕರ ದೇಸಾಯಿಯವರು ಹುಟ್ಟುಹಾಕಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಜಿಲ್ಲೆಯ ಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆಯತೊಡಗಿತ್ತು. ಹೀಗೆ ಬಡವರ ಮಕ್ಕಳಿಗೂ ಶಾಲೆಯ ಬಾಗಿಲು ತೆರೆಯಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾದ ಮೇಲೆ ಅದರ ‘ಬಾಲವಿಜ್ಞಾನ’ ಮಾಸಪತ್ರಿಕೆ ಅಂಥ ಶಾಲೆಗಳ ಮಕ್ಕಳಿಗೂ ಸಿಗುವಂತಾಯಿತು.

ಇತ್ತ ಕುಮಟೆಯಲ್ಲೇ ಸಂಶೋಧನೆ ಬೇರೂರಿತು. ಇಲ್ಲಿನ ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಡಾ. ಎಂ.ಡಿ. ಸುಭಾಷ್ ಚಂದ್ರನ್ ದೇವರ ಕಾಡು ಮತ್ತು ಅಳಿವೆಗಳನ್ನು ಅಭ್ಯಸಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರವೂ ಕುಮಟೆಗೆ ಬಂತು.

ಎರಡೂ ಕೂಡುವ ಜಾಗಗಳು

ಸಂಶೋಧನೆಯೂ ಶಾಲೆಯ ಪಾಠವೂ ಕೂಡಬಹುದಾದ ಜಾಗಗಳಲ್ಲಿ ಮೊದಲನೆಯದು ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಆಳವಿಲ್ಲದ ಪಾತಿಗಳಲ್ಲಿ ಹರಡಿ, ಬಿಸಿಲಿಗೆ ಒಡ್ಡುತ್ತಾರೆ. ನೀರು ಆರಿ ಐದನೆಯ ಒಂದು ಭಾಗಕ್ಕೆ ಇಳಿಯುವ ಹೊತ್ತಿಗೆ ಜಿಪ್ಸಂ ಬೇರೆಯಾಗುತ್ತದೆ. ಹತ್ತನೆಯ ಒಂದು ಭಾಗಕ್ಕೆ ಬಂದಾಗ ಅಡುಗೆ ಉಪ್ಪಿನ ಚೌಕ ಹರಳು ಕಟ್ಟತೊಡಗುತ್ತದೆ. ಪಾತಿ ಅಗಲವಾದಷ್ಟೂ ನೀರು ಬೇಗ ಆರುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿದರೆ ತಡವಾಗುತ್ತದೆ. ಬಾಷ್ಪೀಕರಣ, ಪರ್ಯಾಪ್ತ ದ್ರಾವಣ, ಸ್ಫಟಿಕೀಕರಣ ಮೂರನ್ನೂ ಇಲ್ಲಿ ಕಣ್ಣಾರೆ ಕಾಣಬಹುದು.

ಎರಡನೆಯದು ಗಜನಿ. ಉಪ್ಪುನೀರಿನಲ್ಲಿ ಬೇರೆ ಪೈರು ಒಣಗುವುದಕ್ಕೆ ಅಭಿಸರಣೆಯೇ ಮುಖ್ಯ ಕಾರಣ: ಹೊರಗೆ ಲವಣ ಹೆಚ್ಚಾದರೆ ಬೇರಿಗೆ ನೀರು ಎಳೆದುಕೊಳ್ಳಲಾಗುವುದಿಲ್ಲ. ಇಲ್ಲಿನ ರೈತರು ತಲೆಮಾರುಗಳಿಂದ ಉಳಿಸಿಕೊಂಡ ಕಗ್ಗ ಭತ್ತ ಆ ಉಪ್ಪನ್ನು ತಾಳಿಕೊಳ್ಳುತ್ತದೆ. ಆನುವಂಶೀಯತೆ, ಆಯ್ಕೆ, ಹೊಂದಾಣಿಕೆಗಳ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಪಕ್ಕದಲ್ಲೇ ಕಾಂಡ್ಲಾ ಗಿಡದ ಬೀಜ ತಾಯಿಮರದ ಮೇಲೇ ಮೊಳೆತು ಕೆಸರಿಗೆ ಇಳಿಯುತ್ತದೆ.

ಮೂರನೆಯದು ಹೊನ್ನಾವರ–ಜೋಗ ದಾರಿಯ ಕತ್ತಲೆಕಾನಿನ ರಾಂಪತ್ರೆ ಜಡ್ಡಿ, ಅಂದರೆ ರಾಂಪತ್ರೆ ಮರಗಳ ಜೌಗು ಕಾಡು. ಸದಾ ನೀರು ನಿಲ್ಲುವ ಮಣ್ಣಿನಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಅಲ್ಲಿನ ಮರಗಳ ಬೇರು ಮಡಿಸಿದ ಮೊಣಕಾಲಿನಂತೆ ಮೇಲೆದ್ದು ಗಾಳಿ ಪಡೆಯುತ್ತದೆ. ಇದೇ ಕಾಡಿನ ಹೆಸರು ಹೊತ್ತ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂಬ ಮರವನ್ನು ವಿಜ್ಞಾನ ಲೋಕ ಹೊಸ ಪ್ರಭೇದವೆಂದು ಗುರುತಿಸಿದ್ದು 2000ದಲ್ಲಿ. ಶೋಧ ಇನ್ನೂ ಮುಗಿದಿಲ್ಲ ಎಂಬುದು ಮಕ್ಕಳಿಗೆ ಗೊತ್ತಾಗಬೇಕು.

ತೋಟಕ್ಕೆ ನೀರೆತ್ತುತ್ತಿದ್ದ ಏತವನ್ನೂ ಇಲ್ಲಿ ನೆನೆಯಬೇಕು. ಹಿಂತುದಿಗೆ ಕಟ್ಟಿದ ಕಲ್ಲಿನ ಭಾರ, ನಡುವಿನ ಆಧಾರ, ಮುಂತುದಿಯ ಮರಿಗೆ: ಸನ್ನೆಯ ನಿಯಮಕ್ಕೆ ಹಿರಿಯರೇ ಕಟ್ಟಿದ ಪ್ರಯೋಗವಿದು.

ಉಪಸಂಹಾರ

ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ಪಷ್ಟವಾಗಿ ಹೇಳಿದೆ. 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ, ಮಕ್ಕಳೇ ತಮ್ಮೂರಿನ ಸಮಸ್ಯೆಯನ್ನು ಅಳೆದು ವರದಿ ಬರೆಯುವ ಅವಕಾಶ ಕೊಟ್ಟಿದೆ. ಇಡೀ ರಾಜ್ಯಕ್ಕೆ ಒಂದೇ ಪಠ್ಯಪುಸ್ತಕ ಇರುವುದು ತಪ್ಪೇನಲ್ಲ. ಅದಕ್ಕೆ ತಾಲ್ಲೂಕಿನದೊಂದು ಅನುಬಂಧ ಬೇಕು. ಐಟ್ಕನ್, ಬೆಲ್ ಅವರ ದಾಖಲೆಗಳಿಂದ ಈಚಿನ ಅಳಿವೆ ಅಧ್ಯಯನಗಳವರೆಗಿನ ತಿರುಳನ್ನು ಮಕ್ಕಳ ಕನ್ನಡಕ್ಕೆ ತರಬೇಕು. ಆ ಕೆಲಸವನ್ನು ಕುಮಟಾ, ಹೊನ್ನಾವರ, ಭಟ್ಕಳದ ಶಿಕ್ಷಕರೇ ಕೈಗೆತ್ತಿಕೊಳ್ಳಲಿ, ಶಿಕ್ಷಣ ಇಲಾಖೆ ಅವರ ಬೆನ್ನಿಗೆ ನಿಲ್ಲಲಿ.